ಹಳೆ ಐ10 ಆಟೋಮ್ಯಾಟಿಕ್‌ಗೆ ಎಸ್‌ಪಿ-3 ಎಣ್ಣೆ: ನಾಲ್ಕು ವರ್ಷ, 37 ಸಾವಿರ ಕಿ.ಮೀ. ಓಡಿಸಿದ ಮೇಲೆ

ಗಾಡಿ: 2010ರ ಹುಂಡೈ ಐ10, 1.2 ಕಪ್ಪಾ ಪೆಟ್ರೋಲ್, ನಾಲ್ಕು ಗೇರಿನ ಆಟೋಮ್ಯಾಟಿಕ್, ಸೆಕೆಂಡ್ ಹ್ಯಾಂಡ್. ಊರು: ಬಳ್ಳಾರಿ. ಹಾಕಿದ್ದು: ಮೋಬಿಸ್‌ನ (ಹುಂಡೈ ಬಿಡಿಭಾಗಗಳ ಕಂಪನಿ) ಎಟಿಎಫ್ ಎಸ್‌ಪಿ-3, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆ. ಅಂಕ: ಐದಕ್ಕೆ ನಾಲ್ಕು.

ಅಪ್ಪಾಜಿಗೆ ಎಡಗಾಲಿನ ಮಂಡಿ ಆಪರೇಷನ್ ಆದ ಮೇಲೆ ಕ್ಲಚ್ ತುಳಿಯೋದು ಕಷ್ಟವಾಯಿತು. ಕಾರು ಬಿಡ್ತೀನಿ ಅನ್ನೋ ಆಸಾಮಿಯೂ ಅವರಲ್ಲ. ಹಾಗಾಗಿ 2019ರಲ್ಲಿ, 62 ಸಾವಿರ ಓಡಿದ್ದ ಈ ಆಟೋಮ್ಯಾಟಿಕ್ ಮನೆಗೆ ಬಂತು. ಆಗ ನಮ್ಮ ಓಣಿಯಲ್ಲಿ ಎರಡೇ ಪೆಡಲ್ ಇರೋ ಕಾರು ಇದೊಂದೇ. ನೋಡೋಕೆ ಬಂದವರೆಲ್ಲ ಮೊದಲು ಕೆಳಗೆ ಬಗ್ಗಿ ಕ್ಲಚ್ ಹುಡುಕುತ್ತಿದ್ದರು.

ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೊಂದು ನಡುಕ ಶುರುವಾಯಿತು. ನಲವತ್ತು-ಐವತ್ತರ ವೇಗದಲ್ಲಿ, ಆಕ್ಸಿಲರೇಟರ್ ಮೇಲೆ ಹಗುರಾಗಿ ಕಾಲಿಟ್ಟು ಹೋಗುವಾಗ, ನುಣ್ಣನೆ ರಸ್ತೆಯಲ್ಲೂ ಹಂಪ್ಸ್ ಪಟ್ಟಿ ಮೇಲೆ ಓಡಿದ ಹಾಗೆ ಎರಡು ಕ್ಷಣ ಗಡಗಡ. ಬೇಸಿಗೆಗೆ ಇನ್ನೊಂದು ಜೊತೆಯಾಯಿತು. ಸುಧಾ ಕ್ರಾಸ್ ರೈಲ್ವೆ ಗೇಟಿನಲ್ಲಿ ಎಸಿ ಹಾಕಿಕೊಂಡು ಕಾಲು ಗಂಟೆ ನಿಂತು ಹೊರಟರೆ, ಇಂಜಿನ್ ಮೊದಲು ಕೂಗುತ್ತಿತ್ತು, ಗಾಡಿ ಆಮೇಲೆ ಏಳುತ್ತಿತ್ತು. ಹಿಂದಿನವರ ಹಾರ್ನ್ ಬೇರೆ.

ಬಿಲ್ಲುಗಳ ಫೈಲು ತೆಗೆದು ನೋಡಿದಾಗ ಗುಟ್ಟು ಸಿಕ್ಕಿತು. ಕೆಲವು ತಿಂಗಳ ಹಿಂದೆ ಒಂದು ಗ್ಯಾರೇಜಿನಲ್ಲಿ (ಹೆಸರು ಬೇಡ) ಸರ್ವೀಸ್ ಮಾಡಿಸಿದ್ದೆ. ಗೇರ್‌ಬಾಕ್ಸಿನಲ್ಲಿ ಎಣ್ಣೆ ಕಡಿಮೆ ಇದೆ ಅಂತ ಒಂದು ಲೀಟರ್ ಸುರಿದಿದ್ದರು. ಬಿಲ್ಲಿನಲ್ಲಿ ಬರೆದದ್ದು ‘ಸ್ಟೀರಿಂಗ್ ಆಯಿಲ್ – 1’. ಹೋಗಿ ಕೇಳಿದೆ.

"ಕೆಂಪು ಎಣ್ಣಿ ಎಲ್ಲಾ ಒಂದೇ ರೀ ಸರ್. ಟಿಪ್ಪರ್‌ಗೂ ಇದನ್ನೇ ಹಾಕ್ತೀವಿ. ಏನೂ ಆಗಂಗಿಲ್ಲ."

ಆ ಹುಡುಗನನ್ನು ಪೂರ್ತಿ ಬೈಯೋಕೂ ಆಗಲ್ಲ. ಬಳ್ಳಾರಿ ಲಾರಿ-ಟಿಪ್ಪರ್‌ಗಳ ಊರು. ಆ ಗಾಡಿಗಳ ಪವರ್ ಸ್ಟೀರಿಂಗಿಗೆ ಹೋಗುವುದು ಬಹುಪಾಲು ಡೆಕ್ಸ್ರಾನ್-2 (ಜಿಎಂ ಕಂಪನಿಯ ಹಳೆ ಗುಣಮಟ್ಟದ ಹೆಸರು) ಜಾತಿಯ ಎಟಿಎಫ್. ಹಾಗಾಗಿ ಇಲ್ಲಿನ ಸ್ಪೇರ್ ಅಂಗಡಿಗಳಲ್ಲಿ ಎಟಿಎಫ್ ಅಂದರೆ ಸ್ಟೀರಿಂಗ್ ಎಣ್ಣೆ ಅಂತಲೇ ಲೆಕ್ಕ. ಅದರ ಕೆಂಪು ಬರೀ ಬಣ್ಣ. ನೆಲದ ಮೇಲೆ ಸೋರಿದ್ದು ಇಂಜಿನ್ ಆಯಿಲ್ಲೋ ಗೇರ್‌ಬಾಕ್ಸಿನದೋ ಗೊತ್ತಾಗಲಿ ಅಂತ ಬೆರೆಸಿದ್ದು. ಒಳಗಿನ ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಸ್ಟೀರಿಂಗಿನಲ್ಲಿ ಈ ಎಣ್ಣೆಗೆ ಇರೋದು ಒತ್ತಡ ಸಾಗಿಸುವ ಕೆಲಸ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಅದರ ಜೊತೆಗೆ ಇನ್ನೂ ಮೂರು: ಹಲ್ಲುಗಳಿಗೆ ಜಿಡ್ಡು ಕೊಡಬೇಕು, ಶಾಖ ಹೊತ್ತೊಯ್ಯಬೇಕು, ಎಣ್ಣೆಯಲ್ಲೇ ಮುಳುಗಿರುವ ಕ್ಲಚ್ ಪ್ಲೇಟುಗಳು ಒಂದನ್ನೊಂದು ಹಿಡಿಯುವಾಗ ಎಷ್ಟು ಜಾರಬೇಕು, ಎಷ್ಟು ಕಚ್ಚಬೇಕು ಅನ್ನುವುದನ್ನೂ ನಿಭಾಯಿಸಬೇಕು. ಈ ಕೊನೆಯದಕ್ಕೆಂದೇ ಫ್ರಿಕ್ಷನ್ ಮಾಡಿಫೈಯರ್ ಅನ್ನುವ ರಾಸಾಯನಿಕ ಬೆರೆಸುತ್ತಾರೆ. (1970ರ ಆಸುಪಾಸಿನವರೆಗೂ ಅಮೆರಿಕದಲ್ಲಿ ಇದಕ್ಕೆ ತಿಮಿಂಗಿಲದ ಎಣ್ಣೆ ಬಳಸುತ್ತಿದ್ದರು. ತಿಮಿಂಗಿಲ ಬೇಟೆಗೆ ತಡೆ ಬಿದ್ದ ಮೇಲೆ ಕಂಪನಿಗಳು ಬದಲಿಗಾಗಿ ಪರದಾಡಿದವಂತೆ.) ಒಂದೊಂದು ತಯಾರಕರ ಕ್ಲಚ್ ಪ್ಲೇಟಿಗೆ ಒಂದೊಂದು ಹದ. ಹದ ತಪ್ಪಿದರೆ ನನ್ನ ಗಾಡಿಯ ಹಾಗೆ ನಡುಕ, ಇಲ್ಲವೇ ಜಾರಿಕೆ.

ಗ್ಲೋವ್ ಬಾಕ್ಸಿನ ತಳದಲ್ಲಿ ಹಳೆ ಓನರ್ ಬಿಟ್ಟುಹೋದ ಪುಸ್ತಕ ಇತ್ತು. ಅದು ಹೇಳಿದ್ದು ಎಸ್‌ಪಿ-3. ಮೂಲದಲ್ಲಿ ಇದು ಮಿತ್ಸುಬಿಷಿಯವರು ತಮ್ಮ ಗೇರ್‌ಬಾಕ್ಸಿನ ಎಣ್ಣೆಗೆ ಇಟ್ಟ ಗುಣಮಟ್ಟದ ಹೆಸರು. ಹುಂಡೈಯವರ ಹಳೆ ಆಟೋಮ್ಯಾಟಿಕ್‌ಗಳ ಬೇರು ಅಲ್ಲಿಯದೇ ಆದ್ದರಿಂದ ಎಣ್ಣೆಯ ಹೆಸರೂ ಜೊತೆಗೆ ಬಂದಿದೆ. ಒಂದು ಕೌಂಟರಿನಲ್ಲಿ "ಎಸ್‌ಪಿ-4 ಬಂದೈತ್ರಿ, ಹೊಸದು, ಅದನ್ನೇ ಹಾಕ್ಸಿ" ಅಂದರು. ಹೊಸ ನಂಬರ್ ಅಂದರೆ ಮೇಲಿನ ಮೆಟ್ಟಿಲು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಎಸ್‌ಪಿ-4 ತೆಳು, ಆರು ಗೇರಿನ ಡಬ್ಬಿಗಳಿಗೆ (ಗೇರ್‌ಬಾಕ್ಸುಗಳಿಗೆ) ಮಾಡಿದ್ದು. ಹೊಸದು ಹಳೆಯದರ ಜಾಗಕ್ಕೆ ಬರುವುದು ಕೆಲವು ಕಡೆ ಮಾತ್ರ: ಜಿಎಂನ ಡೆಕ್ಸ್ರಾನ್-6 (2005ರಲ್ಲಿ ಬಂದದ್ದು) ಡೆಕ್ಸ್ರಾನ್-3ರ ಜಾಗಕ್ಕೆ, ಹೊಂಡಾದ ಡಿಡಬ್ಲ್ಯೂ-1 ಅವರದೇ ಹಳೆ ಜೆಡ್-1ರ ಜಾಗಕ್ಕೆ. ಟೊಯೋಟಾದಲ್ಲಿ ಉಲ್ಟಾ, ಟಿ-4 ಕೇಳುವ ಹಳೆ ಗಾಡಿಗೆ ಡಬ್ಲ್ಯೂಎಸ್ ಹಾಕುವ ಹಾಗಿಲ್ಲ. ಅಂಗಡಿಯವರ ಬಾಯಿಮಾತಿಗಿಂತ ಪುಸ್ತಕದ ಆ ಒಂದು ಸಾಲು ನನಗೆ ಹೆಚ್ಚು.

ಎಲ್ಲ ಗಾಡಿಗೂ ಆಗುತ್ತೆ ಅನ್ನುವ ಮಲ್ಟಿ-ವೆಹಿಕಲ್ ಎಣ್ಣೆಗಳೂ ಇವೆ, ಕೆಲವು ಒಳ್ಳೆ ಹೆಸರಿನವು. ಆದರೆ ಅವುಗಳಲ್ಲಿ ಹೆಚ್ಚಿನವು ಈಗ ತೆಳು ಜಾತಿಯವು. ನಲವತ್ತು ಡಿಗ್ರಿ ದಾಟುವ ನಮ್ಮ ಮೇ ತಿಂಗಳಿಗೆ, ಸವೆದ ಹಳೆ ಡಬ್ಬಿಗೆ, ತೆಳು ಎಣ್ಣೆ ಹಾಕೋ ಧೈರ್ಯ ಬರಲಿಲ್ಲ. ಒಂದು ವಾರ ಕಾದು ಮೋಬಿಸ್ ಬಾಟಲಿಗಳನ್ನೇ ತರಿಸಿದೆ.

ಕೌಲ್ ಬಜಾರ್ ಕಡೆ ಆಟೋಮ್ಯಾಟಿಕ್ ಗೊತ್ತಿರುವ ಭಾಯ್ ಒಬ್ಬರಿದ್ದಾರೆ. ಮೊದಲು ಫ್ಲಷ್ ಮಾಡಿಸೋಣವೇ ಅಂತ ಕೇಳಿದೆ, ಮೆಷಿನ್ ಹಚ್ಚಿ ಹಳೆ ಎಣ್ಣೆ ಪೂರ್ತಿ ತಳ್ಳಿಬಿಡುವುದು. ಅವರು ಡಿಪ್‌ಸ್ಟಿಕ್ (ಎಣ್ಣೆಯ ಮಟ್ಟ ನೋಡುವ ಕಡ್ಡಿ) ಎಳೆದು, ತುದಿಯ ಹನಿಯನ್ನು ಬಿಳಿ ಕಾಗದದ ಮೇಲೆ ಒರೆಸಿ ನನ್ನ ಮುಂದೆ ಹಿಡಿದರು. ಬೋಂಡದ ಬಾಣಲೆಯ ತಳದ ಎಣ್ಣೆಯಂಥ ಕಂದು, ಸೀದ ವಾಸನೆ, ಬೆರಳಿಗೆ ಹಚ್ಚಿ ತಿಕ್ಕಿದರೆ ನವುರಾದ ಕಪ್ಪು ಪುಡಿ.

"ಇದು ಪ್ಲೇಟ್ ಸವೆದ ಪುಡಿ ಸರ್. ಒಮ್ಮೆಲೆ ಪ್ರೆಷರ್ ಕೊಟ್ಟು ತೊಳೆದ್ರ ಎಲ್ಲಿ ಹೋಗಿ ಕೂಡ್ತದ ಹೇಳಾಕ ಬರಂಗಿಲ್ಲ. ನಿಧಾನಕ್ಕ ಬದಲಿ ಮಾಡೂಣು."

ನಿಧಾನಕ್ಕೆ ಅಂದರೆ, ಕೆಳಗಿನ ಬೋಲ್ಟ್ ಬಿಚ್ಚಿ ಎಷ್ಟು ಇಳಿಯುತ್ತೋ ಅಷ್ಟೇ ಇಳಿಸಿ, ಅಷ್ಟೇ ಹೊಸದು ತುಂಬಿಸುವುದು. ಟಾರ್ಕ್ ಕನ್ವರ್ಟರಿನೊಳಗೆ (ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವುದು ಇಳಿಯೋದಿಲ್ಲ. ಮೊದಲ ಸಲ ಅರ್ಧದಷ್ಟು ಹೊಸದಾದರೆ, ಎರಡನೇ ಸಲಕ್ಕೆ ಮುಕ್ಕಾಲು, ಮೂರನೇ ಸಲಕ್ಕೆ ಎಂಟರಲ್ಲಿ ಏಳು ಪಾಲು. ನಾವು ಸಾವಿರ ಕಿ.ಮೀ.ಗೊಂದರಂತೆ ಮೂರು ಸಲ ಮಾಡಿದೆವು. ಇಳಿದದ್ದನ್ನು ಭಾಯ್ ಎರಡು ಲೀಟರಿನ ಖಾಲಿ ಕೂಲ್‌ಡ್ರಿಂಕ್ ಬಾಟಲಿಗಳಿಗೆ ತುಂಬಿ, ಪೆನ್ನಿನಲ್ಲಿ ಗೀಟು ಹಾಕಿ ಅಳೆದರು. ಹೊಸದನ್ನು ಡಿಪ್‌ಸ್ಟಿಕ್ ಕೊಳವೆಗೆ ಸಣ್ಣ ಮೂತಿಯ ಲಾಳಿಕೆ ಇಟ್ಟು ಸುರಿದರು. ದಾಳಿಂಬೆ ರಸದ ಬಣ್ಣ. ಒರೆಸೋಕೆ ಕಾಟನ್ ವೇಸ್ಟ್ ಮುಟ್ಟಗೊಡಲಿಲ್ಲ, ಅದರ ಎಳೆ ಒಳಗೆ ಹೋಗಿ ವಾಲ್ವಿನಲ್ಲಿ ಸಿಕ್ಕಿಕೊಂಡರೆ ಮುಗೀತು ಅಂತ. ಮಟ್ಟ ನೋಡುವ ರೀತಿಯೂ ಇಂಜಿನ್ ಆಯಿಲಿನದಲ್ಲ: ಗಾಡಿ ಚೆನ್ನಾಗಿ ಬಿಸಿಯಾಗಿರಬೇಕು, ಸಮ ನೆಲದಲ್ಲಿ ಇಂಜಿನ್ ಓಡುತ್ತಲೇ ಇರಬೇಕು, ಬ್ರೇಕ್ ತುಳಿದು ಲಿವರನ್ನು ಎಲ್ಲ ಗೇರಿಗೂ ಒಮ್ಮೆ ಆಡಿಸಿ, ಆಮೇಲೆ ಕಡ್ಡಿ ಎಳೆದು ‘ಹಾಟ್’ ಗುರುತಿನೊಳಗೆ ಇದೆಯಾ ನೋಡಬೇಕು. ಆ ಗ್ಯಾರೇಜಿನವರು ತಣ್ಣಗಿದ್ದಾಗ ನೋಡಿಯೇ ‘ಕಡಿಮೆ’ ಅಂದಿದ್ದರೋ ಏನೋ ಅಂತ ಈಗ ಅನುಮಾನ.

ಮೊದಲ ಸಲಕ್ಕೆ ನಡುಕ ಹೋಗಲಿಲ್ಲ, ಕಡಿಮೆಯಾಯಿತು. ದುಡ್ಡು ದಂಡವಾಯಿತೇನೋ ಅಂತ ಎರಡು ವಾರ ಚಡಪಡಿಸಿದೆ. ಎರಡನೇ ಸಲದ ಮೇಲೆ ಎಸಿ ಹಾಕಿದಾಗ ಮಾತ್ರ ಅಪರೂಪಕ್ಕೆ. ಮೂರನೆಯದಾದ ಮೇಲೆ ಸಿಂಧನೂರಿನ ಅಕ್ಕನ ಮನೆಗೆ ಹೊರಟೆವು. ಸಿರುಗುಪ್ಪ ದಾಟಿ, ದಡೇಸೂಗೂರು ಸೇತುವೆಯ ಮೇಲೆ ಭತ್ತದ ಲಾರಿಗಳ ಹಿಂದೆ ನಲವತ್ತರಲ್ಲೇ ತೆವಳಿದರೂ ಗಾಡಿ ನಡುಗಲಿಲ್ಲ. ಅಪ್ಪಾಜಿಗೆ ಈ ಪುರಾಣವೆಲ್ಲ ಬೇಡ. "ಈಗ ಸರಿ ಹೋಗ್ತದ ನೋಡು" ಅಂದರು, ಅಷ್ಟೆ.

ಅದು 71 ಸಾವಿರದಲ್ಲಿ. ಈಗ ಮೀಟರಿನಲ್ಲಿ 1,08,000. ನಡುವೆ, 90 ಸಾವಿರ ಆದಾಗ, ಒಮ್ಮೆ ಇಳಿಸಿ ತುಂಬಿಸಿದ್ದೇನೆ. ಆಗ ಬಂದ ಎಣ್ಣೆ ಮಾಸಲು ಕೆಂಪಾಗಿತ್ತು, ಸೀದ ವಾಸನೆ ಇರಲಿಲ್ಲ. ಇದು ಆಯುಷ್ಯಪೂರ್ತಿ ಬರುವ ಎಣ್ಣೆ, ಬದಲಿಸೋದೇ ಬೇಡ ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಎಣ್ಣೆಯ ಶಾಖ ಹತ್ತು ಡಿಗ್ರಿ ಏರಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತೆ ಅನ್ನೋದು ಈ ಕೆಲಸದವರ ರೂಢಿ ಲೆಕ್ಕ. ತಂಪು ದೇಶದ ಲೆಕ್ಕವನ್ನು ಬಳ್ಳಾರಿಗೆ ತರೋದು ಹೇಗೆ? ಈಗ ಗೇಟಿನಲ್ಲಿ ಹೊತ್ತಾದರೆ ಲಿವರ್ ಡಿ (ಡ್ರೈವ್) ಬಿಟ್ಟು ಎನ್‌ಗೆ (ನ್ಯೂಟ್ರಲ್) ಹಾಕಿ ಹ್ಯಾಂಡ್‌ಬ್ರೇಕ್ ಎಳೆಯುತ್ತೇನೆ. ಡಿ-ಯಲ್ಲೇ ಬ್ರೇಕ್ ತುಳಿದು ನಿಂತರೆ ಕನ್ವರ್ಟರ್ ಸುಮ್ಮನೆ ಎಣ್ಣೆ ಕಡೆದು ಬಿಸಿ ಮಾಡುತ್ತಿರುತ್ತದೆ.

ಇನ್ನು ನಾನು ಕಡಿತ ಮಾಡಿದ ಒಂದು ಅಂಕದ ವಿಷಯ. ಚಳಿಗಾಲದ ಬೆಳಿಗ್ಗೆ ಮೊದಲ ಸಲ ಒಂದರಿಂದ ಎರಡಕ್ಕೆ ಬೀಳುವಾಗಿನ ಸಣ್ಣ ಕುಲುಕು ಹಾಗೇ ಇದೆ. ಅದು ಸವೆತ, ಎಣ್ಣೆ ಅದನ್ನು ತುಂಬಿಕೊಡಲ್ಲ. ನಡುಕ ನಿಲ್ಲಿಸೋಕೆ, ಸೋರಿಕೆ ಮುಚ್ಚೋಕೆ ಅಂತ ಬರುವ ಸಣ್ಣ ಬಾಟಲಿಗಳನ್ನು ಯಾರೋ ಹೇಳಿದರು, ಹಾಕಿಲ್ಲ. ಸೀಲಿನ ರಬ್ಬರ್ ಉಬ್ಬಿಸುವ ಮದ್ದು ಇವತ್ತು ಸೋರಿಕೆ ನಿಲ್ಲಿಸಿ ನಾಳೆ ಅದನ್ನೇ ಮೆತ್ತಗೆ ಮಾಡಬಹುದು. ಇನ್ನು ಎಸ್‌ಪಿ-3 ಈ ಕಡೆ ಕೇಳಿದ ತಕ್ಷಣ ಸಿಗಲ್ಲ, ಪ್ರತಿ ಸಲ ಆರ್ಡರ್ ಕೊಟ್ಟು ಕಾಯಬೇಕು. ಬಾಟಲಿ ಬಂದಾಗ ಮುಚ್ಚಳದ ಸೀಲ್ ನೋಡಿಯೇ ತಗೊಳ್ಳಿ.

ಒಂದು ಮಾತು, ಕೇಳುವವರು ಬಹಳ ಇದ್ದಾರೆ ಅಂತ. ಮಾರುತಿ ಸೆಲೆರಿಯೊದಿಂದ ಶುರುವಾದ ಎಎಂಟಿ ಗಾಡಿಗಳಿಗೆ (ಕ್ಲಚ್, ಗೇರ್ ಕೆಲಸ ತಾನೇ ಮಾಡಿಕೊಳ್ಳುವ ಮ್ಯಾನ್ಯುಯಲ್) ಇದರ ಗೊಡವೆ ಇಲ್ಲ, ಅದರ ಡಬ್ಬಿ ಮ್ಯಾನ್ಯುಯಲ್‌ನದೇ, ಎಣ್ಣೆಯೂ ಮ್ಯಾನ್ಯುಯಲ್ ಗೇರಿನದು. ಸಿವಿಟಿ ಗಾಡಿಗೆ (ಹಲ್ಲಿನ ಗೇರುಗಳ ಬದಲು ಬೆಲ್ಟಿನಲ್ಲಿ ನಡೆಯುವ ಆಟೋಮ್ಯಾಟಿಕ್) ಸಿವಿಟಿ ಎಣ್ಣೆಯೇ. ಅದಕ್ಕೆ ಎಸ್‌ಪಿ-3 ಹಾಕಿದರೆ ಬೆಲ್ಟ್ ಜಾರಿ ಡಬ್ಬಿಯೇ ಹೋದೀತು.

ಮುಂದಿನ ಬದಲಿ 1,10,000ಕ್ಕೆ. ಬಾಟಲಿಗಳಿಗೆ ಹೋದ ವಾರವೇ ಹೇಳಿಟ್ಟಿದ್ದೇನೆ, ಇನ್ನೂ ಬಂದಿಲ್ಲ.