ರೌಟರ್‌ಗೆ ಹಾಕಿದ ಪುಟ್ಟ ಯುಪಿಎಸ್: ಮೂರೂವರೆ ವರ್ಷ ಬಳಸಿದ ಮೇಲೆ

ನಮ್ಮನೆ ದಾವಣಗೆರೆ ನಿಟ್ಟುವಳ್ಳಿಲಿ. ನಮ್ ಬೀದೀಲಿ ಕರೆಂಟ್ ಹೋಗೋದು ಅಂದ್ರೆ ಗಂಟೆಗಟ್ಲೆ ಹೋಗೋದು ಕಮ್ಮಿ, ಪಕ್ ಅಂತ ಹೋಗಿ ಪಕ್ ಅಂತ ಬರೋದೇ ಜಾಸ್ತಿ. ಫ್ಯಾನ್ ರೆಕ್ಕೆ ನಿಂತಿರಲ್ಲ ಅಷ್ಟ್ರಲ್ಲಿ ಬಂದಿರುತ್ತೆ, ಅಮ್ಮ ಅಡುಗೆಮನೇಲಿದ್ರೆ ಅವ್ರಿಗೆ ಗೊತ್ತೂ ಆಗಲ್ಲ. ಆದ್ರೆ ಹಾಲ್‌ನಲ್ಲಿರೋ ಫೈಬರ್ ಡಬ್ಬಿಗೆ, ಅಂದ್ರೆ ನಮ್ ನೆಟ್ ರೌಟರ್‌ಗೆ, ಗೊತ್ತಾಗುತ್ತೆ. ಅದು ಆಫ್ ಆಗಿ, ಮತ್ತೆ ಎದ್ದು, ಒಂದೊಂದೇ ಲೈಟ್ ಹತ್ತಿ, ಆಕಡೆ ಆಪರೇಟರ್ ಮಶೀನ್ ಜೊತೆ ಮಾತಾಡ್ಕೊಂಡು, ಯೂಸರ್‌ನೇಮ್ ಪಾಸ್‌ವರ್ಡ್ ಒಪ್ಪಿಸಿ, ನೆಟ್ ಬರೋಕೆ ನನ್ ಲೆಕ್ಕದಲ್ಲಿ ಎರಡೂವರೆಯಿಂದ ಮೂರು ನಿಮಿಷ. ಅರ್ಧ ಸೆಕೆಂಡ್ ಕರೆಂಟ್ ಹೋಗಿದ್ದಕ್ಕೆ ಮೂರು ನಿಮಿಷದ ದಂಡ. ಬೆಂಗಳೂರಿನ ಮ್ಯಾನೇಜರ್ ಜೊತೆ ಕಾಲ್‌ನಲ್ಲಿದ್ದಾಗ ದಿನಕ್ಕೆ ನಾಲ್ಕು ಸಲ ಹಿಂಗಾದ್ರೆ ಏನ್ ಮರ್ಯಾದೆ ಉಳಿಯುತ್ತೆ ಹೇಳ್ರಿ. ಅದಕ್ಕೇ ಪುಟ್ಟ ಯುಪಿಎಸ್ ತಗೊಂಡಿದ್ದು, ಅಂದ್ರೆ ಕರೆಂಟ್ ಹೋದಾಗ ರೌಟರ್ ಒಂದನ್ನೇ ಬ್ಯಾಟರಿ ಮೇಲೆ ನಡೆಸೋ ಪೆಟ್ಟಿಗೆ.

ಇದಕ್ಕಿಂತ ಮುಂಚಿನ ಕಥೆ ಇನ್ನೂ ಚೆನ್ನಾಗೈತೆ. 2021ರಲ್ಲಿ ನಮಗಿದ್ದದ್ದು ಫೈಬರ್ ಅಲ್ಲ, ನಾಲ್ಕು ಮನೆ ಆಚೆ ಒಬ್ರ ತಾರಸಿ ಮೇಲೆ ತಗಡಿನ ಪೆಟ್ಟಿಗೇಲಿ ಒಂದು ಸ್ವಿಚ್ ಇಟ್ಟು ಅಲ್ಲಿಂದ ಎಲ್ಲರ ಮನೆಗೂ ನೀಲಿ ಲ್ಯಾನ್ ವೈರ್ ಎಳೆದಿದ್ರು. ನಮ್ಮನೇಲಿ ಇನ್ವರ್ಟರ್ ಇದ್ರೂ ಆ ತಾರಸಿ ಮನೇಲಿ ಕರೆಂಟ್ ಹೋದ್ರೆ ನಮ್ ನೆಟ್ ಖಲಾಸ್. ಒಂದ್ಸಲ ಆ ಮನೆಯವ್ರು ಊರಿಗೆ ಹೋಗೋವಾಗ ಮೇನ್ ಆಫ್ ಮಾಡಿ ಹೋಗಿದ್ರು, ಎರಡು ದಿನ ನಮ್ ಬೀದಿ ಪೂರ್ತಿ ನೆಟ್ ಇರ್ಲಿಲ್ಲ, ಆಪರೇಟರ್ ಕಡೆಯವ್ರು ಮಾತ್ರ ಫೋನ್‌ನಲ್ಲಿ "ಸರ್ ಬ್ಯಾಕೆಂಡ್ ಇಶ್ಯೂ" ಅಂತಾನೇ ಹೇಳ್ತಿದ್ರು. ಆಪರೇಟರ್ ಹೆಸರು ಹೇಳಲ್ಲ, ಈಗ್ಲೂ ಅವ್ರ ಲೈನೇ ಐತೆ, ಹುಡುಗ್ರು ಒಳ್ಳೆಯವ್ರು.

2022ರಲ್ಲಿ ಅದೇ ಆಪರೇಟರ್ ಫೈಬರ್ ಹಾಕಿದ್ರು. ಇಲ್ಲೇ ಒಂದ್ ವಿಷ್ಯ ತಿಳ್ಕೊಳ್ರಿ, ಯುಪಿಎಸ್ ತಗೊಂಡ್ರೆ ಪ್ರಯೋಜನ ಐತೋ ಇಲ್ವೋ ಅನ್ನೋದು ಇದರ ಮೇಲೆ ನಿಂತೈತೆ. ಮನೆ ಫೈಬರ್‌ಗೆ ಜಾಸ್ತಿ ಬಳಸೋದು ಜಿಪಾನ್ ಅನ್ನೋ ಪದ್ಧತಿ. ಆಪರೇಟರ್ ಆಫೀಸಿಂದ ಒಂದು ಎಳೆ ಹೊರಟು ಕಂಬದ ಮೇಲಿನ ಡಬ್ಬೀಲಿ 8, 16, 32 ಅಂತ ಕವಲಾಗುತ್ತೆ, ಆ ಕವಲು ಮಾಡೋ ಸ್ಪ್ಲಿಟರ್‌ಗೆ ಕರೆಂಟೇ ಬೇಡ, ಗಾಜಿನೊಳಗೆ ಬೆಳಕು ಹಂಚಿಹೋಗುತ್ತೆ ಅಷ್ಟೇ. ಅಂದ್ರೆ ದಾರೀಲಿ ಕರೆಂಟ್ ಕುಡಿಯೋದು ಯಾವ್ದೂ ಇಲ್ಲ, ಆ ತುದೀಲಿ ಆಪರೇಟರ್ ಮಶೀನ್, ಈ ತುದೀಲಿ ನಿಮ್ಮನೆ ಡಬ್ಬಿ, ಎರಡಕ್ಕೆ ಬ್ಯಾಟರಿ ಇದ್ರೆ ಊರೆಲ್ಲಾ ಕತ್ತಲಾದ್ರೂ ನೆಟ್ ಬರುತ್ತೆ. ಅವ್ರ ಆಫೀಸಲ್ಲಿ ದೊಡ್ಡ ಬ್ಯಾಟರಿ ಐತೆ ಅಂತ ಲೈನ್ ಹುಡುಗನ್ನ ಕೇಳಿ ಖಾತ್ರಿ ಮಾಡ್ಕೊಂಡೆ. ನಿಮ್ಮದು ಇನ್ನೂ ಬೀದಿ ಸ್ವಿಚ್‌ನಿಂದ ಬರೋ ಲ್ಯಾನ್ ವೈರಾಗಿದ್ರೆ ಈ ಯುಪಿಎಸ್‌ಗೆ ದುಡ್ಡು ಹಾಕಬೇಡ್ರಿ, ನಮ್ ತಾರಸಿ ಕಥೆನೇ ಆಗುತ್ತೆ.

"ಮನೇಲಿ ಇನ್ವರ್ಟರ್ ಐತಲ್ಲ, ಇದ್ಯಾಕೆ" ಅಂತ ನಮ್ ಭಾವನೂ ಕೇಳಿದ್ರು. ಇನ್ವರ್ಟರ್ ಮೇನ್ಸ್‌ನಿಂದ ಬ್ಯಾಟರಿಗೆ ಹೊರಳೋಕೆ ಒಂಚೂರು ಟೈಮ್ ತಗೊಳ್ಳುತ್ತೆ. ನಮ್ ಕರೆಂಟು 50 ಹರ್ಟ್ಜ್, ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಹಿಂದ್ಗಡೆ ಯುಪಿಎಸ್ ಮೋಡ್ ಬಟನ್ ಇರೋ ಇನ್ವರ್ಟರ್ ಅರ್ಧ ಸುತ್ತಿನ ಆಸುಪಾಸಲ್ಲಿ ಹೊರಳುತ್ತೆ, ನಾರ್ಮಲ್ ಮೋಡಲ್ಲಿ ಅದಕ್ಕಿಂತ ತಡ, ಅಷ್ಟ್ರಲ್ಲಿ ರೌಟರ್ ಅಡಾಪ್ಟರ್ ಕೈ ಬಿಟ್ಟಿರುತ್ತೆ. ನಮ್ದು 2014ರದ್ದು, ಆ ಬಟನ್ ಒತ್ತಿದ್ರೆ ಟಿವಿಲಿ ಗುಂಯ್ ಅನ್ನೋದು. ಈ ಪುಟ್ಟ ಯುಪಿಎಸ್‌ನಲ್ಲಿ ಹೊರಳೋ ಪ್ರಶ್ನೆನೇ ಇಲ್ಲ, ಅಡಾಪ್ಟರ್‌ನಿಂದ ರೌಟರ್‌ಗೆ ಹೋಗೋ 12 ವೋಲ್ಟ್ ಡಿಸಿ ಲೈನ್‌ನಲ್ಲಿ ಬ್ಯಾಟರಿ ಯಾವಾಗ್ಲೂ ಕೂತೇ ಇರುತ್ತೆ, ಅಡಾಪ್ಟರ್ ಕಡೆಯಿಂದ ಬರೋದು ನಿಂತ್ರೆ ಅದು ಕೊಡುತ್ತೆ.

ತಗೊಂಡಿದ್ದು 1,350 ರೂಪಾಯಿಗೆ. ಅದರ ಡಬ್ಬಿ ಮೇಲೆ ದೊಡ್ಡಕ್ಷರದಲ್ಲಿ 6000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಅಂತ ಬರೆದಿತ್ತು. ನನಗೆ ಜಾಸ್ತಿ ಸಿಟ್ಟು ಬರೋದೇ ಇಲ್ಲಿ. ಒಳಗಿದ್ದದ್ದು 18650 ಸೆಲ್ ಮೂರು (18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದ್ರೆ ಇವೇ ಬೀಳೋದು), ಒಂದೊಂದು 2000 ಎಂಎಎಚ್. ಮೂರನ್ನೂ ಸಾಲಾಗಿ ಜೋಡಿಸಿದಾಗ ವೋಲ್ಟ್ ಕೂಡುತ್ತೆ, ಎಂಎಎಚ್ ಕೂಡಲ್ಲ, ಆದ್ರೂ ಇವ್ರು ಮೂರನ್ನೂ ಕೂಡಿ 6000 ಬರೀತಾರೆ. ಸುಳ್ಳು ಅಂತ ಹೇಳೋಕೂ ಆಗಲ್ಲ, 3.7 ವೋಲ್ಟ್ ಲೆಕ್ಕದಲ್ಲಿ ಅದು 6000ನೇ. ಆದ್ರೆ ನಮ್ ಡಬ್ಬಿ ಕೇಳೋದು 12 ವೋಲ್ಟ್. ಅದಕ್ಕೆ ವ್ಯಾಟ್‌ಅವರ್ ಲೆಕ್ಕ ಹಾಕ್ರಿ, ಅಂದ್ರೆ ಎಷ್ಟು ವ್ಯಾಟ್ ಎಷ್ಟು ಗಂಟೆ ಕೊಡುತ್ತೆ ಅಂತ. 6000 ಎಂಎಎಚ್ ಅಂದ್ರೆ 6 ಆಂಪಿಯರ್‌ಅವರ್, 6 ಗುಣಿಸು 3.7, ಸುಮಾರು 22 ವ್ಯಾಟ್‌ಅವರ್. ನಮ್ ಫೈಬರ್ ಡಬ್ಬಿ, ಅದರಲ್ಲೇ ವೈಫೈನೂ ಐತೆ, ಹತ್ತತ್ರ 8 ವ್ಯಾಟ್ ತಿನ್ನುತ್ತೆ. ಕಾಗದದ ಮೇಲೆ ಎರಡೂಮುಕ್ಕಾಲು ಗಂಟೆ, ಸರ್ಕ್ಯೂಟ್‌ನಲ್ಲಿ ಶಾಖವಾಗಿ ಹೋಗೋದು ಕಳೆದು ನನಗೆ ಸಿಕ್ಕಿದ್ದು 2 ಗಂಟೆ 20 ನಿಮಿಷ. ಇನ್ನು ಒಂದೇ ಸೆಲ್ ಮೇಲೆ 9900 ಅಂತ ಬರೆದು ಮಾರ್ತಾರಲ್ಲ, ಅಂಥದ್ದರ ಹತ್ರನೂ ಹೋಗಬೇಡ್ರಿ, ಒಳ್ಳೆ ಕಂಪನಿ ಸೆಲ್ಲೇ 3500ರ ಆಸುಪಾಸು.

ಮೊದಲ ಎರಡು ವರ್ಷ ಏನೂ ಹೇಳೋಕಿಲ್ಲ. ಅದು ಅಲ್ಲೈತೆ ಅನ್ನೋದೇ ಮರೆತುಹೋಗಿತ್ತು.

ಪೇಪರ್‌ನಲ್ಲಿ "ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ" ಅಂತ ಬರುತ್ತಲ್ಲ, ಆ ದಿನಕ್ಕೆ ಇದು ಸಾಲಲ್ಲ, ಆಗ ಮೊಬೈಲ್ ಹಾಟ್‌ಸ್ಪಾಟೇ ಗತಿ. ಆದ್ರೆ ಏಪ್ರಿಲ್-ಮೇ ಸಂಜೆ ಗಾಳಿಮಳೆ ಟೈಮಲ್ಲಿ ಇದರ ಬೆಲೆ ಗೊತ್ತಾಗೋದು. ಕರೆಂಟ್ ಹೋದ ತಕ್ಷಣ ಬೀದಿ ಮಂದಿಯೆಲ್ಲಾ ಮೊಬೈಲ್ ಡೇಟಾ ಆನ್ ಮಾಡ್ತಾರೆ, ಟವರ್ ಮೇಲೆ ಎಲ್ಲರೂ ಒಟ್ಟಿಗೆ ಬಿದ್ದು 5ಜಿ ಅಂತ ಮೇಲೆ ತೋರಿಸ್ತಿದ್ರೂ ಒಂದು ಫೋಟೋ ಹೋಗಲ್ಲ, ನಮ್ಮನೇಲಿ ಮಾತ್ರ ಅಮ್ಮ ಮೊಬೈಲಲ್ಲಿ ಆರಾಮಾಗಿ ಸೀರಿಯಲ್ ನೋಡ್ತಾ ಮಂಡಕ್ಕಿ ತಿಂತಿರ್ತಾರೆ, ಪಕ್ಕದ ಮನೆ ಹುಡುಗ್ರು ಕಾಂಪೌಂಡ್ ಹತ್ರ ಬಂದು "ಅಣ್ಣಾ ಪಾಸ್‌ವರ್ಡ್" ಅಂತಾವೆ.

ಮೂರನೇ ವರ್ಷದ ಬೇಸಿಗೆಗೆ ಗ್ರಹಚಾರ ಶುರುವಾಯ್ತು. ತಪ್ಪು ನಂದೇ. ಶೋಕೇಸ್ ಮೇಲಿನ ಖಾನೇಲಿ, ಫೈಬರ್ ಡಬ್ಬಿ ಕೆಳಗೇ ಅದನ್ನ ತುರುಕಿದ್ದೆ. ಹೊರಗೆ 38-39 ಡಿಗ್ರಿ, ಮೇಲೆ ಆರ್‌ಸಿಸಿ ಕಾದಿರುತ್ತೆ, ಪಕ್ಕದಲ್ಲೇ ಡಬ್ಬಿ ಶಾಖ. ಲಿಥಿಯಂ ಸೆಲ್‌ಗೆ ಎರಡು ವಿಷ್ಯ ಆಗಲ್ಲ, ಒಂದು ಶಾಖ, ಇನ್ನೊಂದು ಯಾವಾಗ್ಲೂ ಪೂರ್ತಿ ಚಾರ್ಜ್ ಆಗಿ ಕೂತಿರೋದು. ಯುಪಿಎಸ್ ಅಂದ್ಮೇಲೆ ಎರಡನೇದು ತಪ್ಪಲ್ಲ, ಮೊದಲನೇದನ್ನಾದ್ರೂ ನಾನು ತಪ್ಪಿಸಬೇಕಿತ್ತು. 2 ಗಂಟೆ 20 ನಿಮಿಷ ಇದ್ದದ್ದು ಒಂದೂವರೆ ಗಂಟೆಗೆ ಬಂತು, ಆಮೇಲೆ ಮುಕ್ಕಾಲು, ಮಳೆಗಾಲದ ಹೊತ್ತಿಗೆ 25 ನಿಮಿಷ. ಅಮ್ಮನೇ ಮೊದ್ಲು ಹೇಳಿದ್ದು, "ಏನೋ, ನಿನ್ ಡಬ್ಬಿ ಮೊದಲಿನಂಗಿಲ್ಲ, ಸೀರಿಯಲ್ ಅರ್ಧಕ್ಕೇ ನಿಲ್ತೈತೆ".

ವಾರಂಟಿ ಒಂದೇ ವರ್ಷ ಇದ್ದದ್ದು, ಮುಗಿದಿತ್ತು. ಆದ್ರೂ ದುಡ್ಡು ಕೊಟ್ಟು ಸೆಲ್ ಬದಲಾಯಿಸ್ತೀರಾ ಅಂತ ಕಂಪನಿಗೆ ಮೇಲ್ ಹಾಕಿದ್ರೆ ಹೊಸಾದು ತಗೊಳ್ಳಿ ಅಂತ ಕೂಪನ್ ಕಳಿಸಿದ್ರು. ಬಿಚ್ಚಿ ಮೀಟರ್ ಇಟ್ಟು ನೋಡಿದ್ರೆ ಎರಡು ಸೆಲ್ 4 ವೋಲ್ಟ್ ಮೇಲಿದ್ವು, ಒಂದು ಮಾತ್ರ 2.3ಕ್ಕೆ ಇಳಿದಿತ್ತು. ಸಾಲಾಗಿ ಕಟ್ಟಿದ ಮೇಲೆ ಜೋಡಿ ಎತ್ತಿನ ಗಾಡಿ ಇದ್ದಂಗೆ, ಕುಂಟೋ ಎತ್ತು ಎಷ್ಟು ನಡೆಯುತ್ತೋ ಅಷ್ಟೇ ದಾರಿ.

ಹೊಸ ಸೆಲ್‌ಗೆ ನಾನೇ ಸೋಲ್ಡರ್ ಹಾಕೋಣ ಅಂತ ಸೋಲ್ಡರಿಂಗ್ ಐರನ್ ಬಿಸಿ ಮಾಡಿದ್ದೂ ಆಗಿತ್ತು, ಆಮೇಲೆ ಬುದ್ಧಿ ಬಂತು. ನೇರ ಸೋಲ್ಡರ್ ಮಾಡಿದ್ರೆ ಆ ಶಾಖಕ್ಕೆ ಸೆಲ್ ಒಳಗೇ ಹಾಳಾಗುತ್ತೆ, ಬೆಂಕಿ ಹತ್ತಿದ್ರೂ ಹತ್ತಿತೇ. ನಿಕಲ್ ಪಟ್ಟಿ ಇಟ್ಟು ಸ್ಪಾಟ್ ವೆಲ್ಡ್ ಮಾಡಬೇಕು. ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ರಿಪೇರಿ ಮಾಡೋ ಒಬ್ಬ ಹುಡುಗ ಹದಡಿ ರೋಡ್ ಕಡೆ ಸಿಕ್ದ, 2600 ಎಂಎಎಚ್‌ದು ಮೂರೂ ಹೊಸಾವು ಹಾಕಿ, ವೋಲ್ಟ್ ಮೂರಕ್ಕೂ ಒಂದೇ ಐತಾ ಅಂತ ನೋಡಿ, 700 ರೂಪಾಯಿ ತಗೊಂಡ. ಹತ್ತು ನಿಮಿಷದ ಕೆಲಸ. "ಅಣ್ಣಾ, ಒಂದೇ ಹೋಗೈತೆ ಅಂತ ಒಂದೇ ಬದಲಾಯಿಸಬಾರದು, ಹಳೇದು ಹೊಸಾದು ಕೂಡಿಸಿದ್ರೆ ಹೊಸಾದೂ ಕೆಡುತ್ತೆ" ಅಂದ. ಅಷ್ಟೂ ಆ ಕಂಪನಿಯವ್ರು ಮಾಡಬೋದಿತ್ತಲ್ಲ.

ತಗೊಳ್ಳೋರು ಎರಡು ವಿಷ್ಯ ನೋಡ್ರಿ. ನಿಮ್ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತಾನೇ ಐತಾ, ಎಷ್ಟು ಆಂಪ್ಸ್, ಪಿನ್ ನಡುವೆ ಪ್ಲಸ್ಸಾ ಮೈನಸ್ಸಾ ಅಂತ. 9 ವೋಲ್ಟ್ ರೌಟರ್‌ಗೆ 12 ಹಾಕಿ ಸುಟ್ಕೊಂಡವ್ರು ನಮ್ ಆಫೀಸಲ್ಲೇ ಅವ್ರೆ. ಇನ್ನೊಂದು, ಔಟ್‌ಪುಟ್ 12ಕ್ಕೇ ನಿಲ್ಲುತ್ತಾ ಅಂತ. ಸಸ್ತಾ ಮಾಡೆಲ್‌ಗಳು ಸೆಲ್ ವೋಲ್ಟನ್ನೇ ಹಂಗೇ ಬಿಡ್ತಾವೆ, ಚಾರ್ಜ್ ತುಂಬಿದಾಗ 12.6, ಖಾಲಿ ಆಗ್ತಾ 9ರ ಹತ್ರ, ಆಗ ಇನ್ನೂ ಬ್ಯಾಟರಿ ಇದ್ರೂ ಡಬ್ಬಿ ರೀಸ್ಟಾರ್ಟ್ ಹೊಡೆಯೋಕೆ ಶುರುಮಾಡುತ್ತೆ. ನಂದು ಅಂಥದ್ದೇ, ಕೊನೆ ಹತ್ತು ನಿಮಿಷ ಲೆಕ್ಕಕ್ಕಿಲ್ಲ.

ಒಂದು ಮಾತು ಪ್ಲಾನ್ ಬಗ್ಗೆ. ಕೇಂದ್ರ ಸರ್ಕಾರದ 2004ರ ಬ್ರಾಡ್‌ಬ್ಯಾಂಡ್ ನೀತೀಲಿ 256 ಕೆಬಿಪಿಎಸ್ ಇದ್ರೆ ಬ್ರಾಡ್‌ಬ್ಯಾಂಡ್ ಅಂತಿತ್ತು, 2013ಕ್ಕೆ 512 ಆಯ್ತು, 2023ಕ್ಕೆ 2 ಎಂಬಿಪಿಎಸ್. ಅದೇ ವ್ಯಾಖ್ಯಾನದಲ್ಲಿ ಕನೆಕ್ಷನ್ ಯಾವಾಗ್ಲೂ ಚಾಲೂ ಇರಬೇಕು ಅಂತ್ಲೂ ಐತೆ, ಅದನ್ನ ಯಾರೂ ಓದಿದಂಗಿಲ್ಲ. ಜಾಹೀರಾತಲ್ಲೆಲ್ಲಾ 100, 200, 300 ಅಂತ ಬರೀ ಸ್ಪೀಡು. ನಾನು 100 ಎಂಬಿಪಿಎಸ್‌ನಿಂದ 40ಕ್ಕೆ ಇಳಿದು ಒಂದು ವರ್ಷ ಆಯ್ತು, ಮನೇಲಿ ಒಬ್ರಿಗೂ ಗೊತ್ತಾಗಿಲ್ಲ, ಯುಪಿಎಸ್ ಸೊರಗಿದ್ದು ಮಾತ್ರ ಅಮ್ಮನಿಗೆ ಒಂದೇ ವಾರಕ್ಕೆ ಗೊತ್ತಾಯ್ತು. ಭಾವನೂ ಈಗ ಚಿತ್ರದುರ್ಗದ ಮನೆಗೆ ಒಂದು ಹಾಕಿಸ್ಕೊಂಡವ್ರೆ, ಹೊಸಾದರಲ್ಲಿ ಔಟ್‌ಪುಟ್ 12ಕ್ಕೇ ನಿಲ್ಲುತ್ತೆ, ಸ್ವಲ್ಪ ಹೊಟ್ಟೆಕಿಚ್ಚು.

ನಂದು ಈಗ ಶೋಕೇಸ್‌ನಿಂದ ಇಳಿದು ಬಾಗಿಲ ಪಕ್ಕ ನೆಲದ ಹತ್ರ ಗೋಡೆಗೆ ಕೂತೈತೆ, ಗಾಳಿ ಆಡುತ್ತೆ. ಹೊಸ ಸೆಲ್ ಹಾಕಿ 9 ತಿಂಗಳಾಯ್ತು, ಹೋದ ಭಾನುವಾರ ಪ್ಲಗ್ ಕಿತ್ತು ಮೊಬೈಲಲ್ಲಿ ಟೈಮರ್ ಇಟ್ಟು ನೋಡ್ದೆ: 2 ಗಂಟೆ 50 ನಿಮಿಷ.