22 ಇಂಚಿನ ಚೈನ್‌ಸಾ: ಎಂಜಿನ್ ಗಟ್ಟಿ, ಬಾರ್‌ಗೆ ಮಾತ್ರ ಆಯಿಲ್ ಬಾರದು

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಎರಡು ಮಳೆಗಾಲಗಳನ್ನೂ ಎರಡು ಮರಗಸಿಗಳನ್ನೂ (ನೆರಳುಮರಗಳ ಕೊಂಬೆ ಕಡಿಯುವ ಕೆಲಸ) ಕಂಡಿರುವ 58 ಸಿಸಿ ಎಂಜಿನ್‌ನ, 22 ಇಂಚು ಬಾರ್‌ನ (ಚೈನ್ ಸುತ್ತಿ ಓಡುವ ಉಕ್ಕಿನ ಪಟ್ಟಿ) ಪೆಟ್ರೋಲ್ ಚೈನ್‌ಸಾ ಕುರಿತು ಬರೆಯುತ್ತಿದ್ದೇನೆ. ಇದೇ ಅಚ್ಚಿನ ಯಂತ್ರವು ಬಣ್ಣ ಮತ್ತು ಸ್ಟಿಕ್ಕರ್ ಬದಲಿಸಿಕೊಂಡು ಅನೇಕ ಹೆಸರುಗಳಲ್ಲಿ ಮಾರಾಟವಾಗುತ್ತಿರುವುದರಿಂದ ನಾನು ಕೊಂಡ ಕಂಪನಿಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಯಾವ ಹೆಸರಿನಲ್ಲಿ ಕೊಂಡರೂ ಒಳಗಿನ ರಚನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ.

ಎಂಜಿನ್ ಬಗ್ಗೆ ನನಗೆ ದೂರಿಲ್ಲ. ಗಾಳಿಮಳೆಗೆ ಉರುಳಿದ ಸಿಲ್ವರ್ ಓಕ್ ಮರಗಳನ್ನು ತುಂಡು ಮಾಡುವಾಗ ಎಲ್ಲಿಯೂ ಉಸಿರು ಕಟ್ಟಲಿಲ್ಲ, ಮಳೆಗಾಲದ ಥಂಡಿಯಲ್ಲಿಯೂ ನಾಲ್ಕೈದು ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ದೂರಿರುವುದು ಬಾರ್ ಮತ್ತು ಚೈನ್‌ಗೆ ಆಯಿಲ್ ಉಣಿಸುವ ವ್ಯವಸ್ಥೆಯ ಬಗ್ಗೆ.

ತೊಂದರೆ ಮೊದಲು ಕಣ್ಣಿಗೆ ಬಿದ್ದದ್ದು ಟ್ಯಾಂಕ್‌ಗಳ ಲೆಕ್ಕದಲ್ಲಿ. ಈ ಯಂತ್ರದ ಪೆಟ್ರೋಲ್ ಟ್ಯಾಂಕ್ 550 ಮಿ.ಲೀ., ಆಯಿಲ್ ಟ್ಯಾಂಕ್ 260 ಮಿ.ಲೀ. ಹಿಡಿಯುತ್ತದೆ, ಪೆಟ್ರೋಲ್ ಒಮ್ಮೆ ಮುಗಿಯುವಷ್ಟರಲ್ಲಿ ಚೈನ್ ಆಯಿಲ್ ಕೂಡ ತಳ ಕಾಣುವ ಹಂತಕ್ಕೆ ಬಂದಿರಬೇಕು. ನಮ್ಮಲ್ಲಿ ಎರಡು ಸಲ ಪೆಟ್ರೋಲ್ ತುಂಬಿದ ಮೇಲೂ ಆಯಿಲ್ ಅರ್ಧಕ್ಕಿಂತ ಮೇಲೆಯೇ ನಿಂತಿತ್ತು. ಕೆಲವೇ ದಿನಗಳಲ್ಲಿ ಚೈನ್ ಪದೇ ಪದೇ ಸಡಿಲವಾಗತೊಡಗಿತು, ಬಾರ್‌ನ ತುದಿಯಲ್ಲಿ ಹೊಗೆಯಾಡಿತು, ಅಂಚಿನ ಉಕ್ಕು ನೀಲಿಗಟ್ಟಿತು. ಪೂರ್ತಿ ವೇಗದಲ್ಲಿ ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ ಎಂಬುದನ್ನು ನೆನೆದರೆ, ಆಯಿಲ್ ಇಲ್ಲದ ಹತ್ತು ನಿಮಿಷದ ಕೆಲಸ ಆ ಉಕ್ಕಿಗೆ ಏನು ಮಾಡುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಯಂತ್ರ ಮಾರಿದ ಅಂಗಡಿಗೆ ಒಯ್ದಾಗ ಅವರು ಏನನ್ನೂ ಬಿಚ್ಚಿ ನೋಡದೆ ಹೊಸ ಬಾರ್, ಹೊಸ ಚೈನ್ ಹಾಕಿ ಕಳುಹಿಸಿದರು. ಆಯಿಲ್ ಬಾರದ ಯಂತ್ರಕ್ಕೆ ಹೊಸ ಚೈನ್ ಹಾಕುವುದೆಂದರೆ ಅದನ್ನೂ ಸುಡಲು ಕೊಟ್ಟಂತೆ ಎಂಬುದು ತಿಳಿಯದೆ ನಾನೂ ದುಡ್ಡು ಕೊಟ್ಟು ಬಂದೆ. ಈ ವಿಮರ್ಶೆ ಬರೆಯಲು ಮುಖ್ಯ ಕಾರಣವೇ ಅದು: ಅಗ್ಗದ ಪರೀಕ್ಷೆಗಳನ್ನು ಮೊದಲು ಮಾಡಿದ್ದರೆ ಆ ಖರ್ಚು ಬೇಕಿರಲಿಲ್ಲ.

ಮೊದಲನೆಯದು ಕಾಗದದ ಪರೀಕ್ಷೆ. ಹಳೆಯ ದಿನಪತ್ರಿಕೆಯನ್ನು ನೆಲದ ಮೇಲೆ ಹಾಸಿ, ಬಾರ್‌ನ ತುದಿಯನ್ನು ಅದರಿಂದ ಒಂದು ಗೇಣು ಮೇಲೆ, ನೆಲಕ್ಕೆ ತಾಗದಂತೆ ಹಿಡಿದು, ಅರ್ಧಕ್ಕಿಂತ ಹೆಚ್ಚು ಆಕ್ಸಿಲರೇಟರ್ ಕೊಟ್ಟರೆ ಕಾಗದದ ಮೇಲೆ ಆಯಿಲ್‌ನ ಸಣ್ಣ ಹನಿಗಳು ಗೆರೆಯಾಗಿ ಬೀಳಬೇಕು. ನಮ್ಮ ಕಾಗದ ಒಣಗಿಯೇ ಇತ್ತು. ಆಯಿಲ್ ಪ್ರಮಾಣ ಹೆಚ್ಚಿಸುವ ಸ್ಕ್ರೂ ಯಂತ್ರದ ಅಡಿಭಾಗದಲ್ಲಿದೆ. ಅದನ್ನು ಪೂರ್ತಿ ತಿರುಗಿಸಿದರೂ ವ್ಯತ್ಯಾಸ ಕಾಣಲಿಲ್ಲ. ಆಯಿಲ್ ಟ್ಯಾಂಕಿನ ಮುಚ್ಚಳವನ್ನು ಸ್ವಲ್ಪ ಸಡಿಲಿಸಿಯೂ ನೋಡಿದೆ, ಏಕೆಂದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿಕೊಂಡಿದ್ದರೂ ಆಯಿಲ್ ನಿಲ್ಲುತ್ತದೆ; ನಮ್ಮಲ್ಲಿ ತೊಂದರೆ ಅದಾಗಿರಲಿಲ್ಲ.

ಆ ಬಳಿಕ ಬಾರ್ ಬಿಚ್ಚಿದೆ. ಬಾರ್‌ನ ಬುಡದಲ್ಲಿರುವ ಆಯಿಲ್ ರಂಧ್ರ ಬೆಂಕಿಕಡ್ಡಿಯ ತುದಿಯಷ್ಟೇ ಇರುತ್ತದೆ, ಮರದ ಹುಡಿ ಆಯಿಲ್‌ನಲ್ಲಿ ನೆನೆದು ಅಲ್ಲಿ ಮೇಣದಂತೆ ಗಟ್ಟಿಯಾಗಿ ಕುಳಿತಿತ್ತು. ಹೊಸ ಬಾರ್‌ನಲ್ಲಿಯೇ ಇಷ್ಟು ಬೇಗ ಹೀಗಾದದ್ದೇಕೆ ಎಂದು ನೋಡಿದರೆ ತಪ್ಪು ನಮ್ಮ ಕಡೆಯೂ ಇತ್ತು. ಹರಿತವಾದ ಚೈನ್ ಮರವನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ, ಮೊಂಡಾದ ಚೈನ್ ಹಿಟ್ಟಿನಂತಹ ಹುಡಿ ಮಾಡುತ್ತದೆ. ಆ ಹುಡಿಯೇ ರಂಧ್ರವನ್ನು ಮುಚ್ಚುತ್ತದೆ, ರಂಧ್ರ ಮುಚ್ಚಿದ ಮೇಲೆ ಚೈನ್ ಇನ್ನೂ ಬೇಗ ಮೊಂಡಾಗುತ್ತದೆ. ಸಣ್ಣ ತಂತಿಯಿಂದ ರಂಧ್ರವನ್ನೂ, ಮುರಿದ ಹ್ಯಾಕ್ಸಾ ಬ್ಲೇಡಿನಿಂದ ಬಾರ್‌ನ ಅಂಚಿನಲ್ಲಿ ಚೈನ್ ಓಡುವ ತೋಡನ್ನೂ ಕೆರೆದು, ಚೈನ್‌ಗೆ ದುಂಡು ಅರ ಹಾಕಿ ಜೋಡಿಸಿದ ಮೇಲೆ ಕಾಗದದ ಮೇಲೆ ಮಸುಕಾದ ಗೆರೆ ಬಂತು. ಒಂದು ವಾರದೊಳಗೆ ಅದೂ ನಿಂತಿತು.

ಎರಡನೆಯ ಸಲ ಟ್ಯಾಂಕಿನೊಳಗಿನ ಪೈಪನ್ನು ಬಗ್ಗಿಸಿದ ತಂತಿಯಿಂದ ಹೊರಗೆಳೆದಾಗ ಅದರ ತುದಿಯ ಫಿಲ್ಟರ್ ಕಪ್ಪು ಕೆಸರಿನಿಂದ ಮುಚ್ಚಿಹೋಗಿತ್ತು. ವಿಚಾರಿಸಿದಾಗ ಗೊತ್ತಾದದ್ದು, ಜೀಪಿನಿಂದ ಇಳಿಸಿದ ಸುಟ್ಟ ಆಯಿಲ್ ಅನ್ನೇ ಚೈನ್‌ಗೆ ಸುರಿಯಲಾಗುತ್ತಿತ್ತು. ಮಲೆನಾಡಿನ ತೋಟಗಳಲ್ಲಿ ಇದು ಸಾಮಾನ್ಯ ರೂಢಿ, ಮತ್ತು ಇದನ್ನು ನಿಲ್ಲಿಸಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ಅದರಲ್ಲಿರುವ ಲೋಹದ ಸಣ್ಣ ಕಣಗಳು ಪಂಪನ್ನು ಸವೆಸುತ್ತವೆ. ಚೈನ್‌ಗೆ ಅಂಟಿಕೊಳ್ಳುವ ಗುಣ ಅದಕ್ಕಿಲ್ಲದ್ದರಿಂದ ಬಾರ್‌ನ ತುದಿ ತಲುಪಿದೊಡನೆ ಸಿಡಿದು ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಳಸಿದ ಎಂಜಿನ್ ಆಯಿಲ್‌ನಲ್ಲಿ ಕ್ಯಾನ್ಸರ್ ತರಬಲ್ಲ ಅಂಶಗಳಿದ್ದು, ಸಿಡಿದ ಹನಿಗಳು ಬೀಳುವುದು ಯಂತ್ರ ಹಿಡಿದ ಮನುಷ್ಯನ ಕೈ ಮತ್ತು ಬಟ್ಟೆಯ ಮೇಲೆಯೇ. ಚೈನ್‌ಗೆಂದೇ ಮಾಡಿದ ಆಯಿಲ್ ಸಿಗದಿದ್ದಾಗ ಹೊಸದಾದ 30 ನಂಬರಿನ ಎಂಜಿನ್ ಆಯಿಲ್ ನಮ್ಮಲ್ಲಿ ಕೆಲಸಕ್ಕೆ ಬಂದಿದೆ. 90 ನಂಬರಿನ ಗೇರ್ ಆಯಿಲ್ ಜನವರಿಯ ಬೆಳಗಿನ ಚಳಿಗೆ ಮಂದವಾಗಿ ಪಂಪಿಗೆ ಹತ್ತುವುದೇ ಇಲ್ಲ.

ಫಿಲ್ಟರ್ ಬದಲಿಸಿ, ಟ್ಯಾಂಕನ್ನು ಪೆಟ್ರೋಲ್‌ನಲ್ಲಿ ತೊಳೆದ ಮೇಲೆಯೂ ಕಾಗದ ಒಣಗಿಯೇ ಉಳಿದಾಗ ಇನ್ನು ಪಂಪನ್ನೇ ನೋಡಬೇಕಾಯಿತು. ಊರಿನ ಮೋಟಾರ್ ರಿಪೇರಿಯ ಹಿರಿಯರೊಬ್ಬರು ಜೊತೆಗೆ ಕುಳಿತು ಕ್ಲಚ್ ಬಿಚ್ಚಿಸಿಕೊಟ್ಟರು. ಸ್ಪಾರ್ಕ್ ಪ್ಲಗ್ ತೆಗೆದು, ಪಿಸ್ಟನ್ ಮೇಲೇರಿ ಸೈಲೆನ್ಸರ್ ಕಡೆಯ ಕಿಂಡಿ ಮುಚ್ಚಿಕೊಂಡ ಮೇಲೆ ಸಿಲಿಂಡರಿನೊಳಗೆ ಹಗ್ಗ ತುಂಬಿಸಿದರೆ ಎಂಜಿನ್ ತಿರುಗದೆ ನಿಲ್ಲುತ್ತದೆ. ಕ್ಲಚ್‌ನ ಥ್ರೆಡ್ (ತಿರುಪಿನ ಸುತ್ತು) ಉಲ್ಟಾ ಇರುವುದರಿಂದ ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು; ಇದು ತಿಳಿಯದೆ ಬಲ ಹಾಕಿದರೆ ಇನ್ನಷ್ಟು ಬಿಗಿಯುತ್ತದೆ. ಕ್ಲಚ್‌ನೊಂದಿಗೆ ತಿರುಗಿ ಚೈನ್ ಓಡಿಸುವ ಡ್ರಮ್ಮಿನ ಹಿಂದೆ, ಪಂಪನ್ನು ತಿರುಗಿಸುವ ವರ್ಮ್ ಗೇರ್ (ತಿರುಪಿನಾಕಾರದ ಹಲ್ಲುಗಳ ಗೇರ್) ಸಿಕ್ಕಿತು. ಪ್ಲಾಸ್ಟಿಕ್ಕಿನದು. ಅದರ ಹಲ್ಲುಗಳು ಬಾಯಲ್ಲಿಟ್ಟ ಪೆಪ್ಪರ್‌ಮಿಂಟಿನಂತೆ ನುಣ್ಣಗೆ ಸವೆದಿದ್ದವು. ಪಂಪ್ ಕೆಸರಿನಿಂದ ಬಿಗಿದಾಗ ಗೇರಿನ ಮೇಲೆ ಹೊರೆ ಬಿದ್ದಿದೆ, ಡ್ರಮ್ಮಿನ ಶಾಖವೂ ಸೇರಿ ಮೆತ್ತಗಾಗಿ ತಿಂದುಹೋಗಿದೆ ಎಂಬುದು ಅವರ ಅಭಿಪ್ರಾಯ, ನನಗೂ ಸರಿಯೆನಿಸಿತು. ಹೊಸ ಗೇರಿನ ಬೆಲೆ ಒಬ್ಬ ಆಳಿನ ಅರ್ಧ ದಿನದ ಕೂಲಿಗಿಂತ ಕಡಿಮೆ.

ಗೇರ್ ಹಾಕಿದ ದಿನವೇ ಕಾಗದದ ಮೇಲೆ ಕಡುಗೆರೆ ಬಿದ್ದಿತು. ಪೆಟ್ರೋಲ್ ಮತ್ತು ಆಯಿಲ್ ಈಗ ಜೊತೆಜೊತೆಗೆ ಮುಗಿಯುತ್ತಿವೆ. ಆಕ್ಸಿಲರೇಟರ್ ಕೊಡದೆ ಎಂಜಿನ್ ಸುಮ್ಮನೆ ಓಡುತ್ತಿರುವಾಗ ಆಯಿಲ್ ಬರುವುದಿಲ್ಲವೆಂದು ಯಾರೂ ಗಾಬರಿಯಾಗಬಾರದು: ಈ ಯಂತ್ರದಲ್ಲಿ ಡ್ರಮ್ ತಿರುಗಿದಾಗ ಮಾತ್ರ ಪಂಪ್ ಓಡುತ್ತದೆ.

ಹಾಗಾದರೆ ಇದನ್ನು ಕೊಳ್ಳಬಹುದೇ? ವರ್ಷಕ್ಕೆ ಕೆಲವು ವಾರ ಕೆಲಸವಿರುವ ತೋಟಕ್ಕೆ, ಬಿಚ್ಚಿ ಜೋಡಿಸಲು ಹಿಂಜರಿಯದವರಿಗೆ, ಈ ಬೆಲೆಗೆ ಇಷ್ಟು ಬಲದ ಎಂಜಿನ್ ಬೇರೆ ಸಿಗುವುದು ಕಷ್ಟ. ಕೊಳ್ಳುವಾಗಲೇ ಒಂದು ವರ್ಮ್ ಗೇರನ್ನೂ ಒಂದು ಆಯಿಲ್ ಫಿಲ್ಟರನ್ನೂ ಜೊತೆಗೆ ಕೇಳಿ ಪಡೆಯಬೇಕು. ದಿನವೂ ಮರ ಕೊಯ್ಯುವವರಿಗೆ ನಾನು ಇದನ್ನು ಹೇಳುವುದಿಲ್ಲ. ಕಂಪನಿಯವರು ಆ ಗೇರನ್ನು ಲೋಹದಲ್ಲಿ ಮಾಡಿ, ಆಯಿಲ್ ಬಗೆಗಿನ ಎರಡು ಪುಟಗಳನ್ನಾದರೂ ಕನ್ನಡದಲ್ಲಿ ಅಚ್ಚು ಹಾಕಿ ಪೆಟ್ಟಿಗೆಯಲ್ಲಿಟ್ಟರೆ ನನ್ನ ದೂರಿನ ಮುಕ್ಕಾಲು ಪಾಲು ಇಲ್ಲವಾಗುತ್ತದೆ. ನಾನಂತೂ 22 ಇಂಚಿನ ಬಾರ್ ತೆಗೆದು 18 ಇಂಚಿನದನ್ನು ಹಾಕಿಸಿದ್ದೇನೆ. ನಮ್ಮ ಸಿಲ್ವರ್ ಓಕ್‌ಗಳಿಗೆ ಅಷ್ಟು ಸಾಕು, ತುದಿಯವರೆಗೂ ಆಯಿಲ್ ತಲುಪುತ್ತಿದೆ.