ಕಾರ್ಸನ್‌ನ ಪೋರ್ಷೆ ಚಾಲನಾ ಕೇಂದ್ರ: ವೇಗಕ್ಕಿಂತ ಹಿಡಿತದ ಪಾಠ

ಲಾಸ್ ಏಂಜಲೀಸ್ ಬಳಿಯ ಕಾರ್ಸನ್‌ನಲ್ಲಿ ಪೋರ್ಷೆ ಕಂಪನಿ 2016ರಲ್ಲಿ ತೆರೆದ, 53 ಎಕರೆ ವಿಸ್ತಾರದ ಚಾಲನಾ ಕೇಂದ್ರಕ್ಕೆ ವಾರಾಂತ್ಯದಲ್ಲಿ ಹೋಗಬಯಸುವವರು ಮೊದಲೇ ಸಮಯ ಕಾಯ್ದಿರಿಸುವುದು ಒಳ್ಳೆಯದು. ಪಕ್ಕದ ಸೀಟಿನಲ್ಲಿ ತರಬೇತುದಾರರು ಕುಳಿತು 90 ನಿಮಿಷ ಕಲಿಸುವ ಈ ಪಾಠದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ್ದು ಕಿಕ್ ಪ್ಲೇಟ್. ನೆಲದಲ್ಲಿ ಹುದುಗಿಸಿದ ಹಲಗೆಯೊಂದು ಹಿಂದಿನ ಚಕ್ರಗಳು ಹಾಯುವ ಕ್ಷಣದಲ್ಲೇ ಸರಕ್ಕನೆ ಪಕ್ಕಕ್ಕೆ ಸರಿದು, ಒದ್ದೆ ನೆಲದ ಮೇಲೆ ಕಾರಿನ ಹಿಂಭಾಗವನ್ನು ಎಡಕ್ಕೋ ಬಲಕ್ಕೋ ಎಸೆಯುತ್ತದೆ. ಹೋಗಬೇಕಾದ ದಿಕ್ಕಿನಲ್ಲೇ ಕಣ್ಣಿಟ್ಟರೆ ಕೈ ತಾನಾಗಿ ಸ್ಟೀರಿಂಗನ್ನು ಅತ್ತ ತಿರುಗಿಸುತ್ತದೆ. ತಡವಾದರೆ ಕಾರು ಗಿರಕಿ ಹೊಡೆಯುತ್ತದೆ. ಎಂಜಿನ್ ಹಿಂಬದಿಯಲ್ಲಿರುವ ಪೋರ್ಷೆ 911 ಕಾರಿನಲ್ಲಿ ಈ ತೂಗಾಟ ಬೆನ್ನಿಗೇ ತಿಳಿಯುತ್ತದೆ. ಶುಲ್ಕ ದುಬಾರಿಯೇ ಹೌದು, ಆದರೂ ಮಳೆಯಲ್ಲಿ ಕಾರು ಓಡಿಸುವ ಪ್ರತಿಯೊಬ್ಬರಿಗೂ ಇಂಥ ಅಭ್ಯಾಸ ಬೇಕೆಂದೇ ನನ್ನ ಅಭಿಪ್ರಾಯ. ಬರಿಯ ವೇಗ ಬಯಸುವವರು ರೇಸ್ ಟ್ರ್ಯಾಕ್ ಹುಡುಕಿಕೊಳ್ಳಬಹುದು.